ಕಟ್ಟಿದ ಹೊಟ್ಟೆಯೂ ಬದಲಾದ ಗಂಗಾಳವೂ

ಗ್ರಂಥಸ್ಥ ಕನ್ನಡದಲ್ಲಿ ಅದಕ್ಕೆ ಬಹಿರ್ದೆಸೆ ಎನ್ನುತ್ತಾರೆ, ಶೌಚ ಎನ್ನುತ್ತಾರೆ. ನಮ್ಮ ಗದ್ವಾಲ ಸೀಮೆಯ ಮನೆಮಾತಿನಲ್ಲಿ ‘ಹೊರಗೆ ಹೋಗುವುದು’, ‘ಬಯಲಕಡೆ ಹೋಗುವುದು’, ‘ಚರಿಗೆ ತೆಗೆದುಕೊಂಡು ಹೋಗುವುದು’. ಇಷ್ಟೊಂದು ಮರೆಮಾತುಗಳು ಇರುವುದೇ ನಮ್ಮ ಸಂಕೋಚಕ್ಕೆ ಸಾಕ್ಷಿ. ಸರಿಯಾಗಿ ನಡೆಯುವಾಗಲೇ ಹೆಸರು ಹೇಳಲು ನಾಚುವ ಈ ಕ್ರಿಯೆ ಕೆಟ್ಟಾಗ ಬಾಯಿಬಿಟ್ಟು ಹೇಳುವವರು ಯಾರು? ಜ್ವರ ಬಂದರೆ ಓಣಿಯೆಲ್ಲ ಬಂದು ಮಾತನಾಡಿಸುತ್ತದೆ. ಮೊಣಕಾಲು ನೋವನ್ನು ಕಟ್ಟೆಯ ಮೇಲೆ ಕುಳಿತು ಗಂಟೆಗಟ್ಟಲೆ ವರ್ಣಿಸುತ್ತೇವೆ. ಹೊಟ್ಟೆ ಕಟ್ಟಿದ್ದನ್ನು ಮಾತ್ರ ಹೆಂಡತಿಗೂ ಹೇಳದೆ, ಔಷಧ ಅಂಗಡಿಯಲ್ಲಿ ಬೇರೆ ಗಿರಾಕಿಗಳು ಹೋಗುವವರೆಗೆ ಕಾದು, ತಗ್ಗಿದ ದನಿಯಲ್ಲಿ ಪುಡಿಯ ಡಬ್ಬಿ ಕೇಳುತ್ತೇವೆ.

ಗಡಿನಾಡಿನ ಭಾಷೆ, ಶಾಲೆ, ಶಾಸನ, ಜಾನಪದಗಳ ಕುರಿತು ಈ ಸ್ಮರಣ ಸಂಚಿಕೆಯಲ್ಲಿ ಬಲ್ಲವರು ಬರೆದೇ ಬರೆಯುತ್ತಾರೆ. ನಾವು ಹೊಟ್ಟೆಯ ಕುರಿತು ಬರೆಯಲು ಹೊರಟಿದ್ದೇವೆ. ನಾವು ವೈದ್ಯರಲ್ಲ, ಬಿ.ಎ., ಬಿ.ಇಡಿ. ಪದವಿ ಪಡೆದು ಸಮಾಜ ವಿಜ್ಞಾನವನ್ನೂ ಕನ್ನಡವನ್ನೂ ಕಲಿಸಿ, ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಮಲಬದ್ಧತೆಯ ಕುರಿತು ಓದಲು ತೊಡಗಿದ್ದಕ್ಕೆ ನಮ್ಮ ಮನೆತನದಲ್ಲಿ ನಡೆದ ಒಂದು ಸಂಗತಿ ಕಾರಣ. ಅದನ್ನು ಮುಂದೆ ಹೇಳುತ್ತೇವೆ.

ಮೊದಲು ಒಂದು ತಪ್ಪು ಕಲ್ಪನೆಯನ್ನು ತೆಗೆದುಹಾಕಬೇಕು. ದಿನಕ್ಕೊಮ್ಮೆ, ಅದೂ ಸೂರ್ಯೋದಯಕ್ಕೆ ಮೊದಲು ಆಗಲೇಬೇಕು, ಇಲ್ಲದಿದ್ದರೆ ರೋಗ ಎಂಬ ನಂಬಿಕೆ ನಮ್ಮ ಹಿರಿಯರಲ್ಲಿ ಬಲವಾಗಿದೆ. ವೈದ್ಯಶಾಸ್ತ್ರವು ದಿನಕ್ಕೆ ಮೂರು ಬಾರಿಯಿಂದ ಹಿಡಿದು ವಾರಕ್ಕೆ ಮೂರು ಬಾರಿಯವರೆಗೆ ಎಲ್ಲವನ್ನೂ ಸಹಜವೆಂದೇ ಎಣಿಸುತ್ತದೆ. ವಾರಕ್ಕೆ ಮೂರಕ್ಕಿಂತ ಕಡಿಮೆಯಾಗುವುದು, ಮಲ ಕಲ್ಲಿನಂತೆ ಗಟ್ಟಿಯಾಗುವುದು, ತಿಣುಕಬೇಕಾಗುವುದು, ಹೋಗಿ ಬಂದ ಮೇಲೂ ಪೂರ್ತಿಯಾಗಲಿಲ್ಲವೆಂಬ ಭಾವ ಉಳಿಯುವುದು, ಇವು ಮಲಬದ್ಧತೆಯ ಲಕ್ಷಣಗಳು. ಎರಡು ದಿನಕ್ಕೊಮ್ಮೆ ಸುಲಭವಾಗಿ ಹೋಗುವವನಿಗೆ ಯಾವ ಔಷಧವೂ ಬೇಡ. ಹೀಗಿರುವಾಗಲೂ ಪ್ರತಿದಿನ ಆಗಬೇಕೆಂಬ ಹಟಕ್ಕೆ ಪುಡಿ ನುಂಗುತ್ತ ಕರುಳನ್ನು ಕಾಡಿಸುವವರು ನಮ್ಮ ಪರಿಚಿತರಲ್ಲೇ ಅನೇಕರಿದ್ದಾರೆ.

ಇನ್ನು ಊಟದ ಮಾತು. ನಾವು ಹುಟ್ಟಿದ 1952ರಲ್ಲಿ ಗದ್ವಾಲವು ಹೈದರಾಬಾದು ರಾಜ್ಯದ ರಾಯಚೂರು ಜಿಲ್ಲೆಯ ತಾಲ್ಲೂಕು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು; ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಯ ಪಾಲಾದವು. ಮುಂದೆ 2014ರಲ್ಲಿ ತೆಲಂಗಾಣ ಬಂದಿತು, 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆಯಾಯಿತು, 2019ರಲ್ಲಿ ನಾರಾಯಣಪೇಟೆ ಜಿಲ್ಲೆಯಾಗಿ ಮಕ್ತಲ್ ಅದರೊಳಗೆ ಸೇರಿತು. ಕೂತಲ್ಲೇ ಕೂತು ನಾವು ಮೂರು ರಾಜ್ಯ, ಮೂರು ಜಿಲ್ಲೆಗಳನ್ನು ಕಂಡೆವು. ಆದರೆ ಗಂಗಾಳದಲ್ಲಿನ ರೊಟ್ಟಿ ಇಷ್ಟು ಬೇಗ ಬದಲಾಗಲಿಲ್ಲ. ಬೆಳಿಗ್ಗೆ ರಾತ್ರಿಯ ಕಟಕು ರೊಟ್ಟಿ, ಮಜ್ಜಿಗೆ, ಶೇಂಗಾದ ಹಿಂಡಿ ಅಥವಾ ಅಗಸಿ ಹಿಂಡಿ, ಜೊತೆಗೆ ಒಂದು ಉಳ್ಳಾಗಡ್ಡಿ. ಮಧ್ಯಾಹ್ನ ಬುತ್ತಿಯಲ್ಲಿ ಮತ್ತೆ ರೊಟ್ಟಿ, ಪುಂಡಿಪಲ್ಯ, ಇಲ್ಲವೇ ಹೆಸರುಕಾಳೋ ಮಡಿಕೆಕಾಳೋ. ರಾತ್ರಿ ಜೋಳದ ನುಚ್ಚು ಅಥವಾ ಸಂಗಟಿ, ತೊಗರಿಬೇಳೆಯ ಸಾರು. ಪುಂಡಿಪಲ್ಯವನ್ನೂ ಜೋಳದ ನುಚ್ಚು ಹಾಕಿಯೇ ಬೇಯಿಸುತ್ತಿದ್ದರು. ಅಕ್ಕಿಯ ಅನ್ನವೆಂದರೆ ಹಬ್ಬಕ್ಕೆ, ಬೀಗರು ಬಂದಾಗ, ಇಲ್ಲವೇ ಜ್ವರ ಬಂದು ಮಲಗಿದವನಿಗೆ. ನಮ್ಮ ಚಿಕ್ಕಂದಿನಲ್ಲಿ ಅನ್ನ ಉಣ್ಣುವ ಆಸೆಗೆ ಜ್ವರ ಬಂದಿದೆಯೆಂದು ಸುಳ್ಳು ಹೇಳಿದ ಹುಡುಗರಿದ್ದರು.

ಆ ಕಾಲವನ್ನು ಹೊಗಳಿ ಬರೆಯುವುದು ನಮ್ಮ ಉದ್ದೇಶವಲ್ಲ. 1972ರ ಬರಗಾಲವನ್ನು ಕಂಡವರು ಯಾರೂ ಹಳೆಯ ಊಟವನ್ನು ಸುವರ್ಣಯುಗವೆಂದು ಕರೆಯಲಾರರು; ಆ ವರ್ಷ ರೊಟ್ಟಿಯೂ ಇರಲಿಲ್ಲ. 1983ರಲ್ಲಿ ಎನ್.ಟಿ. ರಾಮರಾವ್ ಅವರ ಸರ್ಕಾರ ಕಿಲೋಗೆ 2 ರೂಪಾಯಿಯಂತೆ ಅಕ್ಕಿ ಕೊಡಲು ಆರಂಭಿಸಿದಾಗ ನಮ್ಮ ಶಾಲೆಯ ಮಕ್ಕಳ ಮುಖದಲ್ಲಿ ಹೊಟ್ಟೆ ತುಂಬಿದ ಕಳೆಯನ್ನು ನಾವೇ ಕಂಡಿದ್ದೇವೆ. ರಾಜೋಳಿಬಂಡೆಯ ಕಾಲುವೆ ಮೊದಲೇ ಇತ್ತು. ಜುರಾಲಾದ ನೀರೂ ಬಂದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. 2025ರ ಯುಗಾದಿಯಿಂದ ತೆಲಂಗಾಣದ ಪಡಿತರ ಅಂಗಡಿಗಳಲ್ಲಿ ಸಣ್ಣಕ್ಕಿಯೇ ದೊರೆಯುತ್ತಿದೆ. ಹಸಿವು ಹೋದದ್ದು ದೊಡ್ಡ ಮಾತು, ಅದನ್ನು ಹಗುರವಾಗಿ ಕಾಣಬಾರದು. ಆದರೆ ಹಬ್ಬದ ಅನ್ನ ದಿನದ ಅನ್ನವಾಗಿ, ದಿನದ ರೊಟ್ಟಿ ಮದುವೆ ಮನೆಯ ವಿಶೇಷವಾಗಿ ಅದಲುಬದಲಾದಾಗ ಕರುಳಿಗೆ ಏನಾಯಿತೆಂದು ಯಾರೂ ಕೇಳಲಿಲ್ಲ.

ಲೆಕ್ಕ ಹೇಳುತ್ತೇವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಭಾರತೀಯ ಆಹಾರಗಳ ಸಂಯೋಜನೆಯ ಕೋಷ್ಟಕಗಳನ್ನು ಪ್ರಕಟಿಸಿದೆ. ಅದರಂತೆ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶವಿದೆ. ಸಜ್ಜೆಯಲ್ಲಿ 11 ಗ್ರಾಂಗೂ ಸ್ವಲ್ಪ ಮೇಲೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗಿಂತಲೂ ಕಡಿಮೆ. ದಿನಕ್ಕೆ 300 ಗ್ರಾಂ ಧಾನ್ಯ ಉಣ್ಣುವವನು ಅದನ್ನೆಲ್ಲ ಜೋಳದಿಂದ ಪಡೆದರೆ 30 ಗ್ರಾಂ ನಾರು ಸಿಕ್ಕಿತು, ಅಕ್ಕಿಯಿಂದ ಪಡೆದರೆ 8 ಅಥವಾ 9 ಗ್ರಾಂ. ಪ್ರಾಯದವನೊಬ್ಬನಿಗೆ ದಿನಕ್ಕೆ 25ರಿಂದ 30 ಗ್ರಾಂ ಬೇಕು. ಉಳಿದದ್ದು ಕಾಳು, ಸೊಪ್ಪು, ಹಣ್ಣುಗಳಿಂದ ಬರಬೇಕು. ಅದೂ ಬರುತ್ತಿಲ್ಲವೆಂಬುದನ್ನು ತಿಳಿಯಲು ನಮ್ಮ ಪೇಟೆಯ ಬೆಳಗಿನ ಒಗ್ಗರಣಿ-ಮಿರ್ಚಿಯ ಬಂಡಿಗಳ ಮುಂದೆ ಅರ್ಧ ತಾಸು ನಿಂತರೆ ಸಾಕು. ಮಂಡಾಳು ಅಕ್ಕಿಯದೇ ಉಬ್ಬಿದ ರೂಪ. ರುಚಿಗೆ ನಮ್ಮದೂ ಓಟು ಅದಕ್ಕೇ; ಆದರೆ ಬೆಳಿಗ್ಗೆ ಮಂಡಾಳು, ಮಧ್ಯಾಹ್ನ ಅನ್ನ, ಸಂಜೆ ಮೈದಾದ ಬಿಸ್ಕತ್ತು, ರಾತ್ರಿ ಮತ್ತೆ ಅನ್ನವಾದರೆ ಆ ದಿನದ ಲೆಕ್ಕ ತುಂಬುವುದಿಲ್ಲ.

ನಾರು ಮಾಡುವ ಕೆಲಸವೇನು? ನಾವು ಉಂಡದ್ದು ಸಣ್ಣ ಕರುಳನ್ನು ದಾಟಿ ದೊಡ್ಡ ಕರುಳಿಗೆ ಬರುವಾಗ ತೆಳ್ಳಗಿರುತ್ತದೆ. ದೊಡ್ಡ ಕರುಳು ಅದರಲ್ಲಿನ ನೀರನ್ನು ಹೀರಿಕೊಳ್ಳುತ್ತದೆ. ಒಳಗೆ ಹೆಚ್ಚು ಹೊತ್ತು ನಿಂತಷ್ಟೂ ನೀರು ಹೆಚ್ಚು ಹೀರಿ ಮಲ ಗಟ್ಟಿಯಾಗುತ್ತದೆ. ಗಟ್ಟಿಯಾದಷ್ಟೂ ಸಾಗುವುದು ನಿಧಾನ. ನಾರು ಜೀರ್ಣವಾಗದೆ ಉಳಿಯುವ ಭಾಗ. ಜೋಳದ ಹೊಟ್ಟಿನಂಥ ನಾರು ಮಲದ ಗಾತ್ರವನ್ನು ಹೆಚ್ಚಿಸಿ ಕರುಳಿನ ಗೋಡೆಯನ್ನು ಚಲನೆಗೆ ಪ್ರೇರಿಸುತ್ತದೆ. ಅಗಸಿ, ಇಸಬ್‌ಗೋಲ್‌ಗಳಲ್ಲಿನ ನಾರು ನೀರನ್ನು ಹಿಡಿದು ಲೋಳೆಯಾಗಿ ಮಲವನ್ನು ಮೆತ್ತಗಿಡುತ್ತದೆ. ಉಗಾಂಡಾದಲ್ಲಿ ಬಹುಕಾಲ ಶಸ್ತ್ರವೈದ್ಯರಾಗಿದ್ದ ಡೆನಿಸ್ ಬರ್ಕಿಟ್ ಎಂಬ ಐರಿಷ್ ಮೂಲದ ವೈದ್ಯರು 1972ರಲ್ಲಿ ಸಂಗಡಿಗರೊಡನೆ ಪ್ರಕಟಿಸಿದ ಪ್ರಬಂಧದಲ್ಲಿ, ನಾರು ಹೆಚ್ಚಿರುವ ಆಹಾರ ಉಣ್ಣುವ ಆಫ್ರಿಕದ ಹಳ್ಳಿಗರ ಮಲವು ಇಂಗ್ಲೆಂಡಿನವರದಕ್ಕಿಂತ ತೂಕದಲ್ಲಿ ಹೆಚ್ಚು, ಅದು ದೇಹವನ್ನು ದಾಟಿಹೋಗುವ ಕಾಲವೂ ಕಡಿಮೆ ಎಂದು ತೋರಿಸಿದರು. ದೊಡ್ಡ ವಿದ್ವಾಂಸರೊಬ್ಬರು ಮಲವನ್ನು ತೂಗಿ ನೋಡಿದರು. ನಾವು ಅದರ ಹೆಸರೆತ್ತಲು ನಾಚುತ್ತೇವೆ.

ಹಾಗಾದರೆ ಎಲ್ಲರೂ ರೊಟ್ಟಿಗೆ ಮರಳಲಿ ಎಂದು ಭಾಷಣ ಮಾಡಿ ಮುಗಿಸಬಹುದಿತ್ತು. 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದಾಗ ಇಂಥ ಭಾಷಣಗಳನ್ನು ನಾವು ಸಾಕಷ್ಟು ಕೇಳಿದೆವು. ಮಾಡಿದವರೆಲ್ಲ ಗಂಡಸರು. ರೊಟ್ಟಿ ತಟ್ಟುವವರು ಯಾರು? ಹತ್ತು ಜನರ ಮನೆಯಲ್ಲಿ ನಮ್ಮ ತಾಯಿಯವರು ದಿನಕ್ಕೆ ನಲವತ್ತು ರೊಟ್ಟಿ ತಟ್ಟುತ್ತಿದ್ದರು. ಒಲೆಯ ಮುಂದೆ ಅವರ ಕಣ್ಣು ಕೆಂಪಾಗಿರುತ್ತಿದ್ದವು. ಈಗ ನಮ್ಮ ಸೊಸೆಯೂ ಶಿಕ್ಷಕಿ. ಬೆಳಿಗ್ಗೆ ಎಂಟಕ್ಕೆ ಬಸ್ಸು ಹಿಡಿಯುವ ಆಕೆಗೆ ರೊಟ್ಟಿಯ ಮಹಿಮೆಯನ್ನು ಬೋಧಿಸುವ ಹಕ್ಕು ನಮಗಿಲ್ಲ. ಆದ್ದರಿಂದ ನಾವು ಸುಲಭವಾದದ್ದನ್ನು ಹಿಡಿದೆವು. ಜೋಳದ ನುಚ್ಚನ್ನು ರಾತ್ರಿ ತೊಳೆದು ನೆನೆಯಿಟ್ಟು, ಬೆಳಿಗ್ಗೆ ಒಂದಕ್ಕೆ ನಾಲ್ಕರಷ್ಟು ನೀರು ಹಾಕಿ ಕುಕ್ಕರಿನಲ್ಲಿ ಐದಾರು ಸೀಟಿ ಹೊಡೆಸಿದರೆ ಬೆಂದಿರುತ್ತದೆ. ಮಜ್ಜಿಗೆ ಕಲಸಿ ಒಗ್ಗರಣೆ ಹಾಕಿದರೆ ಹಲ್ಲಿಲ್ಲದವರೂ ಉಣ್ಣಬಹುದು. ಈ ಅಡುಗೆಯನ್ನು ಎಪ್ಪತ್ತರ ಮೇಲೆ ನಾವೇ ಕಲಿತಿದ್ದೇವೆ. ಸಂಜೆ ನಾರಾಯಣಪೇಟೆಯ ರಸ್ತೆಬದಿಯಲ್ಲಿ ಒಲೆ ಹೂಡಿ ಬಿಸಿ ರೊಟ್ಟಿ ಮಾರುವ ತಾಯಂದಿರಿಂದ ನಾಲ್ಕು ರೊಟ್ಟಿ ತಂದರೆ ರಾತ್ರಿಗಾಯಿತು. ಕಟಕು ರೊಟ್ಟಿ ಅಗಿಯಲಾಗದ ಹಿರಿಯರಿಗೆ ಮುಟಗಿ ಇದೆಯಲ್ಲ! ಬಿಸಿ ರೊಟ್ಟಿಯನ್ನು ಬೆಳ್ಳುಳ್ಳಿ, ಖಾರ, ಎಣ್ಣೆಯೊಡನೆ ಕುಟ್ಟಿದ ಮುಟಗಿಯನ್ನು ನಾಲಿಗೆಯೇ ಕರಗಿಸುತ್ತದೆ.

ಒಂದು ಎಚ್ಚರ ಹೇಳಲೇಬೇಕು. ಬಹುದಿನ ಅನ್ನಕ್ಕೆ ಒಗ್ಗಿದ ಹೊಟ್ಟೆಗೆ ಒಮ್ಮೆಲೇ ಮೂರು ಹೊತ್ತು ರೊಟ್ಟಿ, ಕಾಳು ತುಂಬಿದರೆ ಹೊಟ್ಟೆ ಉಬ್ಬರಿಸಿ ವಾಯು ತುಂಬಿ, ‘ಈ ಜೋಳವೇ ನನಗೆ ಆಗಿಬರುವುದಿಲ್ಲ’ ಎಂಬ ತೀರ್ಪು ಬರುತ್ತದೆ. ಎರಡು ಮೂರು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಬೇಕು. ನೀರನ್ನೂ ಹೆಚ್ಚಿಸಬೇಕು. ನೀರಿಲ್ಲದೆ ನಾರು ತಿಂದರೆ ಕಟ್ಟಿದ ಹೊಟ್ಟೆ ಇನ್ನಷ್ಟು ಕಟ್ಟುತ್ತದೆ. ಅಗಸಿ ಹಿಂಡಿಗೂ ಇದೇ ಮಾತು. ಹಣ್ಣುಗಳಲ್ಲಿ ಪ್ಯಾರಲಕ್ಕೆ ಸಮನಾದದ್ದು ನಮ್ಮ ಸೀಮೆಯಲ್ಲಿ ಇಲ್ಲ; 100 ಗ್ರಾಂಗೆ 8 ಗ್ರಾಂಗೂ ಹೆಚ್ಚು ನಾರು. ಮಹಬೂಬನಗರದ ಬಾಲಾನಗರದ ಹೆಸರು ಹೊತ್ತ ಸೀತಾಫಲದಲ್ಲಿಯೂ 5 ಗ್ರಾಂ ಇದೆ. ಮಲಗುವಾಗ ಒಂದು ಬಾಳೆಹಣ್ಣು ತಿಂದರೆ ಎಲ್ಲ ಸರಿಹೋಗುತ್ತದೆಂಬ ನಂಬಿಕೆಗೆ ಅಷ್ಟು ಬಲವಿಲ್ಲ; ಅದರಲ್ಲಿ ನಾರು ಎರಡು ಮೂರು ಗ್ರಾಂ ಮಾತ್ರ. ಇನ್ನು ಊಟ ಬಿಟ್ಟು ಹಾಲನ್ನೇ ಕುಡಿಯುವ ಕೆಲವು ಮಕ್ಕಳಿಗೆ ಹಾಲಿನಿಂದಲೇ ಹೊಟ್ಟೆ ಕಟ್ಟುವುದುಂಟು, ತಾಯಂದಿರು ಗಮನಿಸಬೇಕು.

ಊಟವೊಂದರಿಂದಲೇ ಎಲ್ಲವೂ ಆಗದು. ಗದ್ವಾಲ, ನಾರಾಯಣಪೇಟೆಗಳ ನೇಕಾರ ಬಂಧುಗಳು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ದಿನವಿಡೀ ಕೂರುತ್ತಾರೆ. ಸೀರೆ ಮುಗಿಸುವ ಅವಸರದಲ್ಲಿ ಕರೆ ಬಂದರೂ ಏಳುವುದಿಲ್ಲ. ಕರೆಯನ್ನು ಮತ್ತೆ ಮತ್ತೆ ತಡೆದರೆ ಕರುಳು ಕರೆಯುವುದನ್ನೇ ಕಡಿಮೆ ಮಾಡುತ್ತದೆ. ಇದನ್ನು ನಾವು ಶಾಲೆಯಲ್ಲಿ ಕಣ್ಣಾರೆ ಕಂಡೆವು. ನಾವು ಮಕ್ತಲ್ ಕಡೆಯ ಶಾಲೆಯೊಂದರಲ್ಲಿದ್ದಾಗ ಎಂಟು ಒಂಬತ್ತನೆಯ ತರಗತಿಯ ಹೆಣ್ಣುಮಕ್ಕಳು ಹೊಟ್ಟೆನೋವೆಂದು ಮೇಲಿಂದ ಮೇಲೆ ರಜೆ ಕೇಳುತ್ತಿದ್ದರು. ನಮ್ಮ ಸಹೋದ್ಯೋಗಿ ಶಿಕ್ಷಕಿಯೊಬ್ಬರು ವಿಚಾರಿಸಿದಾಗ ತಿಳಿದದ್ದಿಷ್ಟು: ಶಾಲೆಯಲ್ಲಿ ಮರೆಯಿರುವ ಜಾಗವಿಲ್ಲವೆಂದು ಮಕ್ಕಳು ಬೆಳಿಗ್ಗೆ ಮನೆಯಿಂದ ನೀರು ಕುಡಿಯದೆ ಬರುತ್ತಿದ್ದರು. ಮನೆಯಲ್ಲಿಯೂ ತಾಯಂದಿರಂತೆ ಕತ್ತಲಾಗುವವರೆಗೆ ಕಾಯುವುದೇ ರೂಢಿ. ಪಾಲಕರು ಕಲ್ಲು ತಂದರು, ಶಿಕ್ಷಕರು ಸಿಮೆಂಟಿಗೆ ಹಣ ಕೂಡಿಸಿದರು, ಎರಡು ಶೌಚಾಲಯಗಳಾದವು. ಕೀಲಿಕೈಯನ್ನು ಯಾವ ಗಂಡಸಿನ ಬಳಿಯೂ ಇಡದೆ ಹತ್ತನೆಯ ತರಗತಿಯ ಹುಡುಗಿಯರಿಗೇ ಒಪ್ಪಿಸಿದೆವು. ಹೊಟ್ಟೆನೋವಿನ ರಜೆಯ ಚೀಟಿಗಳು ಕಡಿಮೆಯಾದವು. ಆ ಮಕ್ಕಳಿಗೆ ಬೇಕಾಗಿದ್ದ ಔಷಧ ಒಂದು ಬಾಗಿಲು, ಒಂದು ಚಿಲಕ.

ಊಟವಾದ ಕೂಡಲೇ ಕರುಳು ತಾನಾಗಿಯೇ ಚಲಿಸುವುದು ದೇಹದ ಸಹಜ ಗುಣ. ಬೆಳಗಿನ ಹೊತ್ತು ಅದು ಇನ್ನೂ ಹೆಚ್ಚು. ಬಿಸಿನೀರೋ ಚಹಾವೋ ಕುಡಿದ ಮೇಲೆ ಹತ್ತು ನಿಮಿಷ ಅದಕ್ಕೆಂದೇ ಮೀಸಲಿಡಬೇಕು, ಮೊಬೈಲನ್ನು ಹೊರಗಿಡಬೇಕು. ಕುಕ್ಕರಗಾಲಿನಲ್ಲಿ ಕೂತಾಗ ಗುದದ್ವಾರದ ಬಳಿಯ ಸ್ನಾಯು ಸಡಿಲಗೊಂಡು ದಾರಿ ನೇರವಾಗುತ್ತದೆ. ಮೊಣಕಾಲು ನೋವಿನಿಂದ ಕುರ್ಚಿಯಂಥ ಕಮೋಡನ್ನು ಆಶ್ರಯಿಸಿದ ನಮ್ಮಂಥವರು ಪಾದದಡಿಗೆ ಒಂದು ಮಣೆ ಇಟ್ಟುಕೊಂಡರೆ ಹೆಚ್ಚು ಕಡಿಮೆ ಅದೇ ಭಂಗಿ ಸಿದ್ಧಿಸುತ್ತದೆ. ಹಬ್ಬಕ್ಕೆಂದು ಕಟ್ಟಿಟ್ಟ ಊಟದ ಮಣೆಗೆ ಹೀಗೊಂದು ಉಪಯೋಗ ಬಂದೀತೆಂದು ನಮ್ಮ ಮನೆಯವರು ನಕ್ಕರು; ಆಮೇಲೆ ತಾವೇ ಬಡಗಿಯಿಂದ ಬೇರೊಂದು ಮಾಡಿಸಿದರು.

ಈಗ ಗುಳಿಗೆ, ಪುಡಿಗಳ ವಿಚಾರ. ಇದರಲ್ಲಿ ನಮ್ಮ ಜನ ಹೆಚ್ಚು ಮೋಸಹೋಗುತ್ತಾರೆಂದು ನಮ್ಮ ಅಭಿಪ್ರಾಯ. ಶಕ್ತಿಗೆಂದು ತೆಗೆದುಕೊಳ್ಳುವ ಗುಳಿಗೆಯೇ ಹೊಟ್ಟೆ ಕಟ್ಟಿಸಬಹುದೆಂಬ ಅರಿವು ಅನೇಕರಿಗಿಲ್ಲ. ರಕ್ತಹೀನತೆಗೆ ಕೊಡುವ ಕಬ್ಬಿಣಾಂಶದ ಗುಳಿಗೆ, ಮೂಳೆಗೆಂದು ಕೊಡುವ ಕ್ಯಾಲ್ಸಿಯಂ ಗುಳಿಗೆ, ಹುಳಿತೇಗಿಗೆ ಕುಡಿಯುವ ಅಲ್ಯೂಮಿನಿಯಂ ಲವಣದ ದ್ರವ, ಕೊಡೀನ್ ಇರುವ ಕೆಮ್ಮಿನ ಔಷಧ, ಕೆಲವು ರಕ್ತದೊತ್ತಡದ ಗುಳಿಗೆಗಳು, ಇವೆಲ್ಲ ಮಲಬದ್ಧತೆಯನ್ನು ತರಬಲ್ಲವು. ನಮ್ಮ ಮೊಮ್ಮಗಳು ಬಸುರಿಯಾಗಿದ್ದಾಗ ಆಶಾ ಕಾರ್ಯಕರ್ತೆ ಕೊಟ್ಟ ಕೆಂಪು ಗುಳಿಗೆಗಳನ್ನು ನುಂಗಿ ನಾಲ್ಕು ದಿನ ಕಷ್ಟಪಟ್ಟಳು. ನಮಗೆ ಹೇಳಲಿಲ್ಲ, ಅಜ್ಜಿಯ ಕಿವಿಯಲ್ಲಿ, “ಅಜ್ಜಿ, ಈ ಗುಳಿಗಿ ನನಗ ಬ್ಯಾಡ, ತಿಪ್ಪಿಗಿ ಒಗೀತೀನಿ” ಎಂದಳಂತೆ. ಒಗೆದಿದ್ದರೆ ಅವಳಿಗೂ ಮಗುವಿಗೂ ಅಪಾಯವಿತ್ತು. ಅಜ್ಜಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದು ಬಾಯಿಬಿಡಿಸಿದರು. ವೈದ್ಯರು ಗುಳಿಗೆಯನ್ನು ಬದಲಿಸಿಕೊಟ್ಟರು. ಸೊಪ್ಪು, ಕಾಳು, ನೀರು ಹೆಚ್ಚಿಸಲು ಹೇಳಿದರು. ಗರ್ಭಿಣಿಯರು ಕಬ್ಬಿಣದ ಗುಳಿಗೆಯನ್ನು ತಾವಾಗಿ ಬಿಡಕೂಡದು; ಹೇಳಿದರೆ ದಾರಿಯಿದೆ. ಕಬ್ಬಿಣದಿಂದ ಮಲ ಕಪ್ಪಾಗುವುದು ಸಹಜ, ಅದಕ್ಕೆ ಹೆದರಬೇಕಿಲ್ಲ.

ಪರಿಹಾರವೆಂದು ಮಾರುವವುಗಳಲ್ಲಿ ಇಸಬ್‌ಗೋಲ್ ನಂಬಿಕಸ್ಥವಾದದ್ದು. ಗುಜರಾತ್, ರಾಜಸ್ಥಾನಗಳಲ್ಲಿ ಬೆಳೆಯುವ ಸಣ್ಣ ಗಿಡವೊಂದರ ಬೀಜದ ಹೊಟ್ಟು ಅದು. ಒಂದೆರಡು ಚಮಚೆಯನ್ನು ತುಂಬಿದ ಲೋಟ ನೀರಿನಲ್ಲಿ ಕಲಸಿ, ಗಟ್ಟಿಯಾಗುವ ಮೊದಲೇ ಕುಡಿದು, ಮೇಲೆ ಇನ್ನೊಂದು ಲೋಟ ನೀರು ಕುಡಿಯಬೇಕು. ಒಣಪುಡಿಯನ್ನು ಬಾಯಿಗೆ ಹಾಕಿಕೊಂಡು ಗುಟುಕು ನೀರು ಕುಡಿಯುವವರನ್ನು ನಾವು ಬಲ್ಲೆವು. ಅದು ಗಂಟಲಿನಲ್ಲೇ ಉಬ್ಬಿ ಉಸಿರು ಕಟ್ಟಿಸೀತು. ನುಂಗಲು ತೊಂದರೆಯಿರುವವರು ಅದರ ಗೊಡವೆಗೆ ಹೋಗಬಾರದು. ಬೇರೆ ಔಷಧಗಳಿಗೂ ಇದಕ್ಕೂ ಎರಡು ತಾಸಿನ ಅಂತರವಿರಲಿ. ಮೆಗ್ನೀಸಿಯಂ ಇರುವ ಔಷಧಗಳು ಕರುಳಿಗೆ ನೀರನ್ನು ಎಳೆದು ಮಲವನ್ನು ಸಡಿಲಿಸುತ್ತವೆ. ಮೂತ್ರಪಿಂಡದ ತೊಂದರೆಯಿರುವವರಿಗೆ ಅವು ಅಪಾಯಕರ.

ಚೂರ್ಣಗಳ ಕುರಿತು ಹೇಳಿದರೆ ಕೆಲವು ಮಿತ್ರರು ಮುನಿದಾರು. ಅಳಲೆ, ತಾರೆ, ನೆಲ್ಲಿಗಳ ತ್ರಿಫಲದ ಮೇಲೆ ನಮಗೂ ಗೌರವವಿದೆ. ಆದರೆ ‘ರಾತ್ರಿ ಒಂದು ಚಮಚೆ, ಬೆಳಿಗ್ಗೆ ಹಗುರ’ ಎಂದು ಮಾರುವ ಅನೇಕ ಪುಡಿಗಳ ಬಲವೆಲ್ಲ ಸೋನಾಮುಖಿಯದು. ಅದು ಕರುಳನ್ನು ಕೆರಳಿಸಿ ಓಡಿಸುವ ಎಲೆ. ಕೆಲವು ದಿನಗಳ ಮಟ್ಟಿಗೆ ಉಪಯೋಗಿ. ವೈದ್ಯರನ್ನು ಕೇಳದೆ ವರ್ಷಗಟ್ಟಲೆ ತಿನ್ನತಕ್ಕದ್ದಲ್ಲ. ಔಡಲೆಣ್ಣೆಯೂ ಇದೇ ಜಾತಿಯದು. ನಮ್ಮ ಬಾಲ್ಯದಲ್ಲಿ ಹೊಲದಲ್ಲಿ ಔಡಲ, ಮನೆಯಲ್ಲಿ ಅದರ ಎಣ್ಣೆ. ತಿಂಗಳಿಗೊಂದು ಭಾನುವಾರ ಮಕ್ಕಳನ್ನು ಸಾಲಾಗಿ ಕೂರಿಸಿ, ಮೂಗು ಹಿಡಿದು, ಬಾಯಿಗೆ ಸುರಿಯುತ್ತಿದ್ದರು. ಬೆಲ್ಲದ ತುಂಡು ಆಮೇಲೆ. ಆ ಭಾನುವಾರಗಳನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಸಾಲಿನಲ್ಲಿ ಕೂತ ಮಕ್ಕಳಲ್ಲಿ ಒಬ್ಬರಿಗೂ ಹೊಟ್ಟೆ ಕಟ್ಟಿರುತ್ತಿರಲಿಲ್ಲ! ಗರ್ಭಿಣಿಯರಿಗೆ ಅದನ್ನು ಎಂದೂ ಕೊಡಬಾರದು.

ದೀರ್ಘಕಾಲದ ಮಲಬದ್ಧತೆಗೆ ಊಟದ ಮಾರ್ಗಸೂಚಿಯೊಂದನ್ನು ಬ್ರಿಟನ್ನಿನ ಆಹಾರತಜ್ಞರು 2025ರಲ್ಲಿ ಹೊರತಂದಿದ್ದಾರೆ. ಕಿವಿ ಹಣ್ಣು, ರೈ ಹಿಟ್ಟಿನ ರೊಟ್ಟಿ, ಖನಿಜಾಂಶ ಹೆಚ್ಚಿರುವ ನೀರು, ಇಸಬ್‌ಗೋಲ್‌ನಂಥ ನಾರು, ಮೆಗ್ನೀಸಿಯಂ ಆಕ್ಸೈಡ್, ಕೆಲವು ಬಗೆಯ ಉಪಕಾರಿ ಸೂಕ್ಷ್ಮಜೀವಿಗಳು, ಇವುಗಳಿಂದ ಪ್ರಯೋಜನವಾಗುವುದಕ್ಕೆ ಆಧಾರವಿದೆಯೆಂದೂ, ‘ನಾರು ಹೆಚ್ಚು ತಿನ್ನಿ’ ಎಂಬ ಸಾಮಾನ್ಯ ಸಲಹೆಗೂ ಸೋನಾಮುಖಿಗೂ ಸಾಕಷ್ಟು ಆಧಾರ ಸಿಕ್ಕಿಲ್ಲವೆಂದೂ ಅವರ ನಿರ್ಣಯ. ಇಲ್ಲಿ ರೈ ಎಂದರೆ ನಮ್ಮ ಹಿಂದಿಯ ಸಾಸಿವೆಯಲ್ಲ, ಚಳಿದೇಶದ ಒಂದು ಧಾನ್ಯ. ಕಿವಿ ಹಣ್ಣು ರಾಯಚೂರಿನ ಪೇಟೆಯಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಾಣುತ್ತದೆ, ಕೊಳ್ಳಬಲ್ಲವರು ಕೊಳ್ಳಲಿ. ನಮ್ಮ ಜೋಳ, ಪುಂಡಿಗಳನ್ನು ಆ ಪರೀಕ್ಷೆಗಳಲ್ಲಿ ಯಾರೂ ಇಟ್ಟು ನೋಡಿಲ್ಲ. ಆದರೂ ಆ ನಿರ್ಣಯದಲ್ಲಿ ನಮಗೊಂದು ಪಾಠವಿದೆ. ರೊಟ್ಟಿ ಉಂಡವರಿಗೆಲ್ಲ ಗುಣವಾಗುತ್ತದೆಂದು ಯಾರೂ ಭರವಸೆ ಕೊಡಲಾರರು. ಥೈರಾಯ್ಡ್ ಕೊರತೆ, ಸಕ್ಕರೆ ಕಾಯಿಲೆ, ಪಾರ್ಕಿನ್ಸನ್ ಕಾಯಿಲೆಗಳಿಂದಲೂ ಹೊಟ್ಟೆ ಕಟ್ಟುತ್ತದೆ. ಊಟ ತಿದ್ದಿಕೊಂಡ ಮೇಲೂ ಸರಿಹೋಗದಿದ್ದರೆ ಕಾರಣ ಬೇರೆಯೆಂದು ತಿಳಿಯಬೇಕು.

ಇನ್ನು ಮೊದಲು ಹೇಳಿದ ಆ ಸಂಗತಿ. ನಮ್ಮ ಸೋದರಮಾವನ ಮಗ ನಮಗಿಂತ ಆರು ವರ್ಷ ಕಿರಿಯ. ನಾರಾಯಣಪೇಟೆಯಲ್ಲಿ ತೊಗರಿ ವ್ಯಾಪಾರ. ನಗುಮುಖದವನು, ಊಟದಲ್ಲಿ ಶಿಸ್ತಿನವನು, ಕೊನೆಯವರೆಗೂ ರೊಟ್ಟಿಯನ್ನೇ ಉಂಡವನು. ಅರವತ್ತರ ಸಮೀಪದಲ್ಲಿ ಅವನಿಗೆ ಹಿಂದೆಂದೂ ಇಲ್ಲದ ಮಲಬದ್ಧತೆ ಆರಂಭವಾಯಿತು. ಒಂದು ವಾರ ಕಟ್ಟುವುದು, ಎರಡು ದಿನ ಸಡಿಲವಾಗುವುದು, ಮತ್ತೆ ಕಟ್ಟುವುದು. ಯಾರಿಗೂ ಹೇಳದೆ ಪುಡಿ ತರಿಸಿಕೊಂಡ. ಪುಡಿಯ ಪ್ರಮಾಣ ಒಂದು ಚಮಚೆಯಿಂದ ಮೂರಕ್ಕೇರಿತು. ರಕ್ತ ಕಂಡಾಗ ಮೂಲವ್ಯಾಧಿಯೆಂದು ತಾನೇ ತೀರ್ಮಾನಿಸಿ ಮೆಣಸಿನಕಾಯಿ ಬಿಟ್ಟ. ಹತ್ತು ಕಿಲೋ ಇಳಿದಾಗ, “ಸಕ್ಕರೆ ಬಿಟ್ಟೀನಿ, ಅದಕ್ಕ ಇಳಿದೀನಿ” ಎಂದು ನಮಗೆ ಹೇಳಿದ. ಒಂದು ವರ್ಷದ ಮೇಲೆ ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೊರಹೋಗದೆ ರಾತ್ರೋರಾತ್ರಿ ಹೈದರಾಬಾದಿಗೆ ಕರೆದೊಯ್ದರು. ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ ದಾರಿಯನ್ನೇ ಮುಚ್ಚಿತ್ತು; ಯಕೃತ್ತಿಗೂ ಹರಡಿತ್ತು. ಶಸ್ತ್ರಚಿಕಿತ್ಸೆಯಾದ ಹದಿನಾಲ್ಕು ತಿಂಗಳಿಗೆ ತೀರಿಕೊಂಡ.

ಆದ್ದರಿಂದ ಸ್ಪಷ್ಟವಾಗಿ ಬರೆಯುತ್ತೇವೆ. ನಲವತ್ತೈದು ಐವತ್ತರ ಮೇಲೆ ಹೊಸದಾಗಿ ಹೊಟ್ಟೆಯ ರೂಢಿ ಬದಲಾಗಿ ಕೆಲವು ವಾರ ಹಾಗೇ ಉಳಿದರೆ, ಮಲದಲ್ಲಿ ರಕ್ತ ಕಂಡರೆ ಅಥವಾ ಮಲ ಡಾಂಬರಿನಂತೆ ಕಪ್ಪಗೆ ಅಂಟಾಗಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ರಕ್ತಹೀನತೆ ಕಂಡರೆ ಪುಡಿಯ ಡಬ್ಬಿಯನ್ನು ಮುಚ್ಚಿಟ್ಟು ವೈದ್ಯರ ಬಳಿ ಹೋಗಬೇಕು. ಹೊಟ್ಟೆ ಉಬ್ಬಿ ವಾಂತಿಯಾಗುತ್ತ ಗಾಳಿಯೂ ಹೋಗದಿದ್ದರೆ ಆ ಕ್ಷಣವೇ ಆಸ್ಪತ್ರೆ. ಆಗ ಜುಲಾಬಿನ ಔಷಧ ಕೊಡಲೇಬಾರದು. ಮೂಲವ್ಯಾಧಿಯಿದ್ದರೂ ಇರಬಹುದು, ಆದರೆ ಹಾಗೆಂದು ಹೇಳಬೇಕಾದವರು ಪರೀಕ್ಷಿಸಿದ ವೈದ್ಯರು.

ಈ ಪ್ರಸಂಗವನ್ನು ಬರೆಯಬಹುದೇ ಎಂದು ನಾವು ಅವನ ಹೆಂಡತಿಯನ್ನು ಕೇಳಲು ಹೋಗಿದ್ದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರೀರಿ ಅಣ್ಣಾರ. ಅವರು ನಾಚಿಗಿ ಮಾಡ್ಕೊಂಡು ಹೋದರು. ಹೆಸರು ಮಾತ್ರ ಹಾಕಬ್ಯಾಡ್ರಿ” ಎಂದರು. ಒಡಹುಟ್ಟಿದವರಿಗೋ ತಂದೆತಾಯಿಗೋ ಈ ಕಾಯಿಲೆ ಬಂದಿದ್ದರೆ ಉಳಿದವರು ನಲವತ್ತಕ್ಕೇ, ಅಥವಾ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲೇ, ಕರುಳಿನೊಳಗೆ ದುರ್ಬೀನು ಹಾಕಿ ಪರೀಕ್ಷಿಸಿಕೊಳ್ಳಬೇಕೆಂದು ಹೈದರಾಬಾದಿನ ವೈದ್ಯರು ಹೇಳಿದ್ದರು. ಮಗನಿಗೆ ನಲವತ್ತೊಂದಾಗಿತ್ತು, ಎರಡು ವರ್ಷ ಇವತ್ತು ನಾಳೆ ಎಂದು ತಳ್ಳಿದ. ಕೊನೆಗೆ ತಾಯಿ ಬಸ್ಸಿನಲ್ಲಿ ಜೊತೆಗೆ ಕೂತು ಹೊರಟರು. ಎರಡು ಸಣ್ಣ ಗಂಟುಗಳಿದ್ದವು. ಕ್ಯಾನ್ಸರಾಗುವ ಮೊದಲೇ ಅಲ್ಲಿಯೇ ತೆಗೆದರು. ಮರುದಿನ ಮಧ್ಯಾಹ್ನ ಅವನು ಅಂಗಡಿಯ ಗಲ್ಲೆಯ ಮೇಲಿದ್ದ. ಅವನ ಅಕ್ಕ ಮಕ್ತಲಿನಲ್ಲಿದ್ದಾಳೆ, ಈ ತಿಂಗಳು ಅವಳ ಸರದಿ.